ಮೂಗಿಗಿಂತ ಮೂಗುತಿ ಭಾರ

ಡಾಕ್ಟರರ ಕೈಬರಹವನ್ನು ಕುರಿತ ಹಾಸ್ಯಗಳಿಗೆ ನಮ್ಮಲ್ಲಿ ಬರವಿಲ್ಲ. ಅವರು ಬರೆದುದನ್ನು ಬ್ರಹ್ಮನೂ ಓದಲಾರ, ಔಷಧದ ಅಂಗಡಿಯವನೊಬ್ಬನೇ ಓದಬಲ್ಲ ಎಂಬ ಮಾತನ್ನು ಕೇಳದವರಾರು? ಆದರೆ ಆ ನಗೆಯ ಹಿಂದೆ ಒಂದು ಅಳುಕೂ ಇದೆ. ಮನೆಯ ಹಿರಿಯರಿಗೆ ಎರಡು ವರ್ಷದ ಹಿಂದೆ ಯಾವ ಮಾತ್ರೆಯಿಂದ ಮೈಯೆಲ್ಲ ದದ್ದೆದ್ದಿತ್ತೋ ಅದರ ಹೆಸರು ಯಾರಿಗೂ ನೆನಪಿಲ್ಲ. ಎಕ್ಸ್‌ರೇ ಚಿತ್ರ ಬೀರುವಿನ ಯಾವ ಮೂಲೆಯಲ್ಲಿದೆಯೋ ತಿಳಿಯದು. ಚೀಲದಲ್ಲಿ ತುರುಕಿಟ್ಟ ಚೀಟಿಗಳು ತಾರೀಖಿನ ಕ್ರಮ ತಪ್ಪಿ ಕಲಸಿಹೋಗಿವೆ. ಇವನ್ನೆಲ್ಲ ಒಂದು ಯಂತ್ರ ನೆನಪಿಟ್ಟುಕೊಂಡು ಕೇಳಿದೊಡನೆ ತೆಗೆದುಕೊಡುವುದಾದರೆ ಎಷ್ಟು ಚೆನ್ನ ಎಂದು ಗೃಹಸ್ಥರಿಗೆ ಅನ್ನಿಸುವುದು ಸಹಜವೇ ಆಗಿದೆ.

ಆ ಯಂತ್ರ ಬಂದಿದೆ. ದೊಡ್ಡ ಆಸ್ಪತ್ರೆಗಳಲ್ಲಿ ಡಾಕ್ಟರರ ಮೇಜಿನ ಮೇಲೆ ಈಗ ಕಂಪ್ಯೂಟರ್ ಕುಳಿತಿದೆ. ರೋಗಿಯ ಹಳೆಯ ಚರಿತ್ರೆ, ರಕ್ತಪರೀಕ್ಷೆಯ ಫಲಿತಾಂಶ, ಕೊಟ್ಟ ಔಷಧ, ಕೊಡಬಾರದ ಔಷಧ ಎಲ್ಲವೂ ಅದರ ಹೊಟ್ಟೆಯಲ್ಲಿವೆ. ಸಂತೋಷದ ಸಂಗತಿಯೇ ಸರಿ. ಆದರೆ ರೋಗಿ ಎದುರಿನ ಕುರ್ಚಿಯಲ್ಲಿ ಕುಳಿತು ತನ್ನ ನೋವನ್ನು ಹೇಳಿಕೊಳ್ಳುತ್ತಿರುವಾಗ ಡಾಕ್ಟರರ ಕಣ್ಣು ಅವನ ಮುಖದ ಮೇಲಿರದೆ ಪರದೆಯ ಮೇಲಿರುತ್ತದೆ. ಇಂತಹ ಯಂತ್ರಕ್ಕೆ ಬೆಲೆ ಕಟ್ಟುವವರು ಹಣವನ್ನಷ್ಟೇ ಎಣಿಸುತ್ತಾರೆ. ಆ ಕಣ್ಣಿನ ಬೆಲೆ ಯಾವ ಬಿಲ್ಲಿನಲ್ಲಿಯೂ ಕಾಣಿಸುವುದಿಲ್ಲ. ಈ ಲೆಕ್ಕವನ್ನು ಬಹಳ ದುಬಾರಿಯಾಗಿ ಕಲಿತ ದೇಶ ಅಮೆರಿಕ. ಅದೇ ದಾರಿಯಲ್ಲಿ ಈಗ ಹೆಜ್ಜೆಯಿಡುತ್ತಿರುವ ನಾವು ಆ ಕತೆಯನ್ನು ಕೇಳುವುದು ಒಳ್ಳೆಯದು.

ಮೊದಲಿಗೆ ಯಂತ್ರದ ಪರವಾಗಿ ಹೇಳಬೇಕಾದುದನ್ನು ಹೇಳಿಬಿಡೋಣ. 1968ರಲ್ಲಿ ಲಾರೆನ್ಸ್ ವೀಡ್ ಎಂಬ ಅಮೆರಿಕನ್ ವೈದ್ಯರು ಒಂದು ಪ್ರಸಿದ್ಧ ಲೇಖನವನ್ನು ಪ್ರಕಟಿಸಿದರು. ಆಸ್ಪತ್ರೆಯ ಕಡತವೆಂದರೆ ನೆನಪಿಗೆ ಬಂದುದನ್ನೆಲ್ಲ ಗೀಚಿಡುವ ಪುಸ್ತಕವಾಗಬಾರದು, ರೋಗಿಯ ಒಂದೊಂದು ತೊಂದರೆಯನ್ನೂ ಬೇರೆ ಬೇರೆಯಾಗಿ ಪಟ್ಟಿಮಾಡಿ, ಪ್ರತಿಯೊಂದರ ಕೆಳಗೆ ಕಂಡದ್ದು, ಊಹಿಸಿದ್ದು, ಮಾಡಬೇಕಾದ್ದು ಇವನ್ನು ಕ್ರಮವಾಗಿ ಬರೆಯಬೇಕು ಎಂದು ಅವರು ವಾದಿಸಿದರು. ಕಡತವೇ ವೈದ್ಯನಿಗೆ ದಾರಿ ತೋರಿಸಬೇಕು ಎಂಬುದು ಅವರ ಆಶಯ. ಕಂಪ್ಯೂಟರಿನ ನೆರವಿದ್ದರೆ ಇದು ಸುಲಭವಾದೀತೆಂದು ಅವರು ನಂಬಿದ್ದರು.

ಆ ನಂಬಿಕೆ ಹುಸಿಯಲ್ಲ. 2005ರ ಆಗಸ್ಟ್‌ನಲ್ಲಿ ಕತ್ರೀನಾ ಎಂಬ ಚಂಡಮಾರುತ ನ್ಯೂ ಆರ್ಲಿಯನ್ಸ್ ನಗರವನ್ನು ನೀರಿನಲ್ಲಿ ಮುಳುಗಿಸಿದಾಗ ಅಲ್ಲಿಯ ಆಸ್ಪತ್ರೆಗಳ ಮತ್ತು ದವಾಖಾನೆಗಳ ಕಾಗದದ ಕಡತಗಳು ಕೊಳೆತು ಮುದ್ದೆಯಾದುವು. ಊರು ಬಿಟ್ಟು ಹೋದ ಕ್ಯಾನ್ಸರ್ ರೋಗಿಗಳಿಗೆ ತಮಗೆ ಯಾವ ಔಷಧ ಎಷ್ಟು ಸಲ ನಡೆದಿತ್ತೆಂದು ಹೇಳಲು ಬಾರದು. ಆದರೆ ನಿವೃತ್ತ ಸೈನಿಕರಿಗೆ ಮಾತ್ರ ಈ ಸಂಕಟ ಒದಗಲಿಲ್ಲ. ಅವರ ಇಲಾಖೆಯ ದಾಖಲೆಗಳು ಕಂಪ್ಯೂಟರಿನಲ್ಲಿದ್ದವು. ಅವರು ಯಾವ ಊರಿಗೆ ಹೋಗಿ ಇಲಾಖೆಯ ಆಸ್ಪತ್ರೆಯ ಮೆಟ್ಟಿಲು ಹತ್ತಿದರೂ ಅಲ್ಲಿಯ ವೈದ್ಯರು ಅವರ ಚರಿತ್ರೆಯನ್ನು ಪರದೆಯ ಮೇಲೆ ಓದಬಹುದಾಗಿತ್ತು.

ಈ ಸೈನಿಕರ ದಾಖಲೆಯ ವ್ಯವಸ್ಥೆಯೇ ನಮ್ಮ ಕತೆಯ ನಾಯಕ. ಅದರ ಹೆಸರು ವಿಸ್ಟಾ. ಅದರ ಹುಟ್ಟು ಬಹಳ ಸ್ವಾರಸ್ಯವಾದುದು.

1970ರ ದಶಕದ ಕೊನೆಯಲ್ಲಿ ನಿವೃತ್ತ ಸೈನಿಕರ ಇಲಾಖೆಯ ಬೇರೆ ಬೇರೆ ಆಸ್ಪತ್ರೆಗಳಲ್ಲಿ ಕೆಲವು ಉತ್ಸಾಹಿಗಳು ಸಣ್ಣ ಕಂಪ್ಯೂಟರುಗಳನ್ನಿಟ್ಟುಕೊಂಡು ವಾರ್ಡಿಗೆ ಬೇಕಾದ ಚಿಕ್ಕ ಚಿಕ್ಕ ಸಾಫ್ಟ್‌ವೇರ್‌ಗಳನ್ನು ತಾವೇ ಬರೆಯತೊಡಗಿದರು. ಪಕ್ಕದಲ್ಲಿ ವೈದ್ಯರು ಕುಳಿತು ತಮಗೆ ಬೇಕಾದುದನ್ನು ಹೇಳುವರು, ಇವರು ಬರೆಯುವರು, ಮರುದಿನ ವಾರ್ಡಿನಲ್ಲಿ ಪರೀಕ್ಷೆಯಾಗುವುದು, ಸರಿಹೋಗದಿದ್ದರೆ ತಿದ್ದುವರು. ರಾಜಧಾನಿಯಲ್ಲಿದ್ದ ಕೇಂದ್ರ ಕಚೇರಿಗೆ ಇದು ಹಿಡಿಸಲಿಲ್ಲ. ಎಲ್ಲ ಕಂಪ್ಯೂಟರ್ ಕೆಲಸವೂ ತನ್ನ ಅಪ್ಪಣೆಯಲ್ಲಿಯೇ ನಡೆಯಬೇಕೆಂದು ಅದರ ಹಟ. ಕೆಲವರು ಕೆಲಸ ಕಳೆದುಕೊಂಡರು. ಉಳಿದವರು ಗುಟ್ಟಾಗಿ ಒಬ್ಬರಿಗೊಬ್ಬರು ನೆರವಾಗುತ್ತ ಮುಂದುವರಿಸಿದರು. ಗುಲಾಮರನ್ನು ಪಾರುಮಾಡುತ್ತಿದ್ದ ಹಳೆಯ ಗುಪ್ತ ಜಾಲದ ನೆನಪಿನಲ್ಲಿ ಅವರು ತಮ್ಮ ಗುಂಪನ್ನು ‘ಭೂಗತ ರೈಲುದಾರಿ’ ಎಂದು ಕರೆದುಕೊಂಡರು. ಕೊನೆಗೆ 1982ರಲ್ಲಿ ಇಲಾಖೆಯ ಮುಖ್ಯಸ್ಥರೇ ಇವರ ಕೆಲಸಕ್ಕೆ ಅಧಿಕೃತ ಮುದ್ರೆಯೊತ್ತಿದರು.

ಈ ವ್ಯವಸ್ಥೆಗೆ ಸೇರಿದ ಒಂದು ಒಳ್ಳೆಯ ಉಪಾಯ ನರ್ಸೊಬ್ಬರ ತಲೆಯಲ್ಲಿ ಹೊಳೆದುದು. ಕ್ಯಾನ್ಸಸ್ ರಾಜ್ಯದ ಟೊಪೀಕಾ ಊರಿನ ಸೈನಿಕರ ಆಸ್ಪತ್ರೆಯಲ್ಲಿ ಸ್ಯೂ ಕಿನ್ನಿಕ್ ಎಂಬಾಕೆ ನರ್ಸ್ ಆಗಿದ್ದರು. 1990ರ ದಶಕದ ಆದಿಯಲ್ಲಿ ಒಮ್ಮೆ ಬಾಡಿಗೆಯ ಕಾರನ್ನು ಹಿಂದಿರುಗಿಸಲು ಹೋದಾಗ ಅಲ್ಲಿಯ ಆಳು ಕೈಯಲ್ಲೊಂದು ಪುಟ್ಟ ಯಂತ್ರ ಹಿಡಿದು ಕಾರಿನ ಮೇಲಿನ ಗೆರೆಗಳನ್ನು ಓದಿಸಿ ಕ್ಷಣದಲ್ಲಿ ಲೆಕ್ಕ ಮುಗಿಸಿದುದನ್ನು ಅವರು ಕಂಡರು. ಕಾರಿಗೆ ಇಷ್ಟು ಎಚ್ಚರಿಕೆ ಸಾಧ್ಯವಾದರೆ ರೋಗಿಗೇಕೆ ಸಾಧ್ಯವಿಲ್ಲ? ರೋಗಿಯ ಕೈಪಟ್ಟಿಗೂ ಔಷಧದ ಪೊಟ್ಟಣಕ್ಕೂ ಇಂತಹ ಗೆರೆಗಳಿದ್ದರೆ ಒಬ್ಬರ ಮಾತ್ರೆ ಇನ್ನೊಬ್ಬರ ಬಾಯಿಗೆ ಹೋಗುವುದನ್ನು ತಡೆಯಬಹುದಲ್ಲವೆ? ಟೊಪೀಕಾದಲ್ಲಿ ಪ್ರಯೋಗ ನಡೆಯಿತು, ಫಲಿಸಿತು. 1999ರಿಂದ ಇಲಾಖೆಯ ಎಲ್ಲ ಆಸ್ಪತ್ರೆಗಳಿಗೂ ಅದು ಹಬ್ಬಿತು. ಮಾತ್ರೆಯ ತಟ್ಟೆ ಹಿಡಿದು ನಡುರಾತ್ರಿ ಹಾಸಿಗೆಯಿಂದ ಹಾಸಿಗೆಗೆ ನಡೆದವರಿಗೆ ಮಾತ್ರ ಹೊಳೆಯಬಹುದಾದ ಉಪಾಯವಿದು. ಹೊಸ ವೈದ್ಯನಿಗಿಂತ ಹಳೆಯ ರೋಗಿ ಮೇಲು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಸುಮ್ಮನೆಯಲ್ಲ. ಅನುಭವಿಸಿದವರೇ ಬಲ್ಲರು.

ವಿಸ್ಟಾ ಸರ್ಕಾರದ ಸೊತ್ತಾದುದರಿಂದ ಬೇಕೆಂದವರು ಬಿಟ್ಟಿಯಾಗಿ ಪಡೆಯಬಹುದಾಗಿತ್ತು. ಜೋರ್ಡಾನ್ ದೇಶದ ಸರ್ಕಾರಿ ಆಸ್ಪತ್ರೆಗಳು ಇದನ್ನೇ ಆಧಾರವಾಗಿ ತೆಗೆದುಕೊಂಡುವು. 2006ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಕೆನೆಡಿ ಶಾಲೆ ಇದಕ್ಕೆ ಸರ್ಕಾರಿ ಕಾರ್ಯದಲ್ಲಿ ಹೊಸತನಕ್ಕಾಗಿ ಕೊಡುವ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಇಷ್ಟಾದರೂ ಅಮೆರಿಕದ ಉಳಿದ ಆಸ್ಪತ್ರೆಗಳು ಕಾಗದಕ್ಕೇ ಅಂಟಿಕೊಂಡಿದ್ದುವು. 2008ರಲ್ಲಿ ಹತ್ತು ಆಸ್ಪತ್ರೆಗಳಲ್ಲಿ ಒಂದರಲ್ಲಿಯೂ ಸರಿಯಾದ ಕಂಪ್ಯೂಟರ್ ದಾಖಲೆ ಇರಲಿಲ್ಲ. 2009ರ ಫೆಬ್ರವರಿ 17ರಂದು ಅಧ್ಯಕ್ಷ ಒಬಾಮ ಸಹಿಮಾಡಿದ ಕಾನೂನೊಂದು ಈ ಚಿತ್ರವನ್ನು ಬದಲಾಯಿಸಿತು. ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ವೈದ್ಯರಿಗೆ ವೃದ್ಧರ ವಿಮಾ ಯೋಜನೆಯ ಮೂಲಕ 44,000 ಡಾಲರುಗಳವರೆಗೆ, ಬಡವರ ಯೋಜನೆಯ ಮೂಲಕವಾದರೆ 63,750 ಡಾಲರುಗಳವರೆಗೆ ಪ್ರೋತ್ಸಾಹಧನ. 2015ರಿಂದ ಏರಿಸದವರಿಗೆ ದಂಡ. ಹೀಗೆ ಸರ್ಕಾರ ಕೊಟ್ಟ ಹಣ ಒಟ್ಟು 3,000 ಕೋಟಿ ಡಾಲರುಗಳನ್ನು ಮೀರಿತು. 2015ರ ವೇಳೆಗೆ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಆಸ್ಪತ್ರೆಗಳು ಯಂತ್ರವನ್ನು ಸ್ಥಾಪಿಸಿದ್ದುವು. ಇಷ್ಟು ಶೀಘ್ರವಾದ ಪ್ರಗತಿ ಬೇರೆ ಯಾವ ಕ್ಷೇತ್ರದಲ್ಲಿ ಕಂಡಿದ್ದೇವೆ ಎಂದು ಹೊಗಳಿಕೊಳ್ಳಲು ಇದು ಸಾಕು.

ಆದರೆ ಅವಸರದ ವ್ಯಾಪಾರದಲ್ಲಿ ಆಗುವುದೇ ಇಲ್ಲಿಯೂ ಆಯಿತು. ಯಂತ್ರವನ್ನು ಕೊಳ್ಳುವವರು ಆಸ್ಪತ್ರೆಯ ಆಡಳಿತಗಾರರು ಮತ್ತು ಲೆಕ್ಕಪತ್ರದ ಅಧಿಕಾರಿಗಳು. ಬಳಸುವವರು ವೈದ್ಯರು ಮತ್ತು ನರ್ಸುಗಳು. ಅಮೆರಿಕದಲ್ಲಿ ವಿಮಾ ಕಂಪನಿಯಿಂದ ಹಣ ಬರಬೇಕಾದರೆ ಮಾಡಿದ ಪ್ರತಿಯೊಂದು ಕೆಲಸಕ್ಕೂ ಬರಹದ ಸಾಕ್ಷಿ ಬೇಕು. ಆದುದರಿಂದ ಮಾರುವವರು ಬಿಲ್ಲು ಮಾಡಲು ಅನುಕೂಲವಾಗುವಂತೆ ಯಂತ್ರವನ್ನು ಒಪ್ಪಗೊಳಿಸಿದರು. ವೈದ್ಯನ ದಿನಚರಿಯಾಗಬೇಕಾಗಿದ್ದುದು ಗುಮಾಸ್ತನ ಖಾತೆ ಪುಸ್ತಕವಾಯಿತು.

ಪರಿಣಾಮವನ್ನು ಅಳೆದು ನೋಡಿದವರಿದ್ದಾರೆ. ತುರ್ತು ಚಿಕಿತ್ಸೆಯ ವಿಭಾಗದ ವೈದ್ಯರನ್ನು ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಜನಸಂದಣಿಯಿರುವ ಹತ್ತು ಗಂಟೆಗಳ ಪಾಳಿಯಲ್ಲಿ ಒಬ್ಬ ವೈದ್ಯ ಮೌಸನ್ನು ಸುಮಾರು 4,000 ಸಲ ಒತ್ತುತ್ತಾನೆ. 2016ರಲ್ಲಿ 57 ವೈದ್ಯರ ಹಿಂದೆ ಗಡಿಯಾರ ಹಿಡಿದು ನಿಂತು ನೋಡಿದವರು ಕಂಡದ್ದೇನು? ರೋಗಿಯ ಎದುರು ಕಳೆದ ಒಂದು ಗಂಟೆಗೆ ಪ್ರತಿಯಾಗಿ ಕಂಪ್ಯೂಟರ್ ಮತ್ತು ಮೇಜಿನ ಕೆಲಸಕ್ಕೆ ಹೆಚ್ಚುಕಡಮೆ ಎರಡು ಗಂಟೆ. ಇದು ಸಾಲದೆಂದು ರಾತ್ರಿ ಮನೆಗೆ ಹೋದ ಮೇಲೂ ಒಂದೆರಡು ಗಂಟೆ. ಮಕ್ಕಳೊಡನೆ ಊಟಕ್ಕೆ ಕುಳಿತುಕೊಳ್ಳಬೇಕಾದ ಹೊತ್ತಿನಲ್ಲಿ ಆ ತಾಯಿಯೋ ತಂದೆಯೋ ಹಗಲಿನ ರೋಗಿಗಳ ಚೌಕಗಳನ್ನು ತುಂಬುತ್ತಿರುತ್ತಾರೆ. 2019ರಲ್ಲಿ ಅಮೆರಿಕದ ವೈದ್ಯರನ್ನೇ ಕೇಳಿ, ಇದು ಬಳಕೆಗೆ ಎಷ್ಟು ಸುಲಭವೆಂಬುದಕ್ಕೆ ನೂರಕ್ಕೆ ಇಷ್ಟೆಂದು ಅಂಕ ಹಾಕಿದರು. ಬಂದುದು 45.9. ಅದೇ ಅಳತೆಗೋಲಿನಲ್ಲಿ ಬ್ಯಾಂಕಿನ ಹಣ ಕೊಡುವ ಯಂತ್ರಕ್ಕೆ 80ಕ್ಕೂ ಹೆಚ್ಚು ಅಂಕಗಳಿವೆ! ನೂರು ರೂಪಾಯಿ ತೆಗೆಯುವ ಯಂತ್ರ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿ, ಪ್ರಾಣ ಉಳಿಸುವ ಯಂತ್ರ ನಪಾಸಾದುದು ವಿಚಿತ್ರವಲ್ಲವೆ?

ಕಷ್ಟವೆಂದರೆ ವೈದ್ಯರಿಗೆ ಬೇಸರ ಎಂಬಷ್ಟೇ ಆಗಿದ್ದರೆ ಸಹಿಸಬಹುದಾಗಿತ್ತು. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಆಸ್ಪತ್ರೆಯಲ್ಲಿ ನಡೆದ ಘಟನೆಯನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಅಲ್ಲಿ ಹದಿನಾರು ವರ್ಷದ ಹುಡುಗನೊಬ್ಬನಿಗೆ ಸೋಂಕು ತಡೆಯುವ ಒಂದು ಮಾತ್ರೆ, ಎಂದರೆ 160 ಮಿಲಿಗ್ರಾಂ, ಕೊಡಬೇಕಾಗಿತ್ತು. ಹುಡುಗನ ತೂಕ 40 ಕಿಲೋಗ್ರಾಮಿಗಿಂತ ಕಡಿಮೆ. ಅಂತಹವರಿಗೆ ಔಷಧವನ್ನು ಪ್ರತಿ ಕಿಲೋ ತೂಕಕ್ಕೆ ಇಷ್ಟು ಎಂದು ಬರೆಯಬೇಕೆಂಬುದು ನಿಯಮ. ಪರದೆ ಆ ಲೆಕ್ಕದಲ್ಲಿಯೇ ನಿಂತಿತ್ತು. ಎಳೆಯ ವೈದ್ಯೆ ಅದನ್ನು ಗಮನಿಸದೆ 160 ಎಂದು ಒತ್ತಿದರು. ಯಂತ್ರ ಆ ಸಂಖ್ಯೆಯನ್ನು ತೂಕದಿಂದ ಗುಣಿಸಿತು. ಒಂದು ಮಾತ್ರೆ ಮೂವತ್ತೆಂಟೂವರೆ ಮಾತ್ರೆಗಳಾಯಿತು.

ಯಂತ್ರ ಎಚ್ಚರಿಸಲಿಲ್ಲವೆ ಎಂದು ಓದುಗರು ಕೇಳಬಹುದು. ಎಚ್ಚರಿಸಿತು. ವೈದ್ಯೆಗೂ ಎಚ್ಚರಿಕೆ ಬಂದಿತು, ಔಷಧ ವಿಭಾಗದವರಿಗೂ ಬಂದಿತು. ಆದರೆ ಅಂತಹ ಎಚ್ಚರಿಕೆಗಳು ದಿನವೂ ನೂರಾರು ಬರುತ್ತವೆ. ಹೆಚ್ಚಿನವು ಅರ್ಥವಿಲ್ಲದವು. ತೋಳ ಬಂತು ತೋಳ ಎಂದು ದಿನವೂ ಕೂಗುವ ಹುಡುಗನ ಕೂಗಿಗೆ ಯಾರು ಓಡಿಬರುತ್ತಾರೆ? ಇಬ್ಬರೂ ಒಂದು ಗುಂಡಿಯೊತ್ತಿ ಅದನ್ನು ಬದಿಗೆ ಸರಿಸಿದರು. ಯಂತ್ರಮಾನವ ಮಾತ್ರೆಗಳನ್ನು ಪೊಟ್ಟಣ ಕಟ್ಟಿ ಕಳುಹಿಸಿತು. ಅಷ್ಟು ಮಾತ್ರೆಗಳನ್ನು ನೋಡಿ ನರ್ಸಿಗೆ ಅನುಮಾನ ಬಂದರೂ, ಗೆರೆ ಓದುವ ಯಂತ್ರ ‘ಸರಿಯಾಗಿದೆ’ ಎಂದಿತು. ಹುಡುಗ ನುಂಗಿದ. ಅವನಿಗೆ ಫಿಟ್ಸ್ ಬಂದಿತು. ದೈವಕೃಪೆಯಿಂದ ಬದುಕಿಕೊಂಡ. ಅದೇ ಆಸ್ಪತ್ರೆಯ ವೈದ್ಯರಾದ ರಾಬರ್ಟ್ ವಾಕ್ಟರ್ ಎಂಬವರು 2015ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ವಿವರಿಸಿದ್ದಾರೆ. ಇಲ್ಲಿ ಸೋಮಾರಿಗಳು ಯಾರೂ ಇಲ್ಲ, ದುಷ್ಟರಂತೂ ಇಲ್ಲವೇ ಇಲ್ಲ. ಪ್ರತಿಯೊಬ್ಬರೂ ಯಂತ್ರವನ್ನು ನಂಬಿದರು. ಕಾಗದದ ಮೇಲೆ ‘ಮೂವತ್ತೆಂಟೂವರೆ ಮಾತ್ರೆ’ ಎಂದು ಕೈಯಾರೆ ಬರೆಯಬೇಕಾಗಿದ್ದಿದ್ದರೆ ಲೇಖನಿ ಅಲ್ಲಿಯೇ ನಿಲ್ಲುತ್ತಿತ್ತು.

ಈಗ ನಮ್ಮ ಕಥಾನಾಯಕನ ಬಳಿಗೆ ಮರಳೋಣ. ವಿಸ್ಟಾಗೆ ವಯಸ್ಸಾಗಿತ್ತು. ಅದರ ಭಾಷೆಯನ್ನು ಬಲ್ಲ ಎಂಜಿನಿಯರುಗಳು ಕಡಿಮೆಯಾಗಿದ್ದರು. ಸೇನೆಯ ದಾಖಲೆಗಳೊಡನೆ ಅದು ಸುಲಭವಾಗಿ ಹೊಂದಿಕೊಳ್ಳುತ್ತಿರಲಿಲ್ಲ. ಇವು ಸುಳ್ಳು ಕಾರಣಗಳಲ್ಲ. 2018ರ ಮೇ ತಿಂಗಳಿನಲ್ಲಿ ಇಲಾಖೆ ಸರ್ನರ್ ಕಂಪನಿಯೊಡನೆ 1,000 ಕೋಟಿ ಡಾಲರುಗಳ ಒಪ್ಪಂದ ಮಾಡಿಕೊಂಡಿತು. 2020ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಊರಿನ ಆಸ್ಪತ್ರೆಯಲ್ಲಿ ಹೊಸ ಯಂತ್ರ ಆರಂಭವಾಯಿತು. 2022ರ ಜುಲೈನಲ್ಲಿ ಇಲಾಖೆಯ ತನಿಖಾಧಿಕಾರಿ ಕೊಟ್ಟ ವರದಿಯಲ್ಲಿ ಏನಿತ್ತು? ವೈದ್ಯರು ಬರೆದ ಆದೇಶ ಎಲ್ಲಿಗೆ ಹೋಗಬೇಕೆಂದು ಯಂತ್ರಕ್ಕೆ ತಿಳಿಯದಿದ್ದಾಗ ಅದು ಯಾರಿಗೂ ಹೇಳದೆ ಅದನ್ನು ಒಂದು ಅಜ್ಞಾತ ಸಾಲಿಗೆ ಸೇರಿಸುತ್ತಿತ್ತು. ಹೀಗೆ 11,000ಕ್ಕೂ ಹೆಚ್ಚು ಆದೇಶಗಳು ಕಾಣದೆ ಉಳಿದುವು. ವೈದ್ಯರು ‘ಕಳುಹಿಸಿದ್ದೇನೆ’ ಎಂದುಕೊಂಡರು. ರೋಗಿ ‘ಕರೆ ಬಂದೀತು’ ಎಂದು ಕಾದ. 149 ರೋಗಿಗಳಿಗೆ ಇದರಿಂದ ಹಾನಿಯಾಯಿತೆಂದು ಗೊತ್ತಾಯಿತು.

ಅದೇ ವರ್ಷ ಸ್ವತಂತ್ರ ತಜ್ಞರು ಈ ಯೋಜನೆಯ ಇಡೀ ಜೀವಿತಾವಧಿಯ ಖರ್ಚನ್ನು ಲೆಕ್ಕ ಹಾಕಿದಾಗ ಅದು 28 ವರ್ಷಗಳಿಗೆ ಸುಮಾರು 5,000 ಕೋಟಿ ಡಾಲರುಗಳೆಂದು ತೇಲಿತು. ಐದು ಆಸ್ಪತ್ರೆಗಳಲ್ಲಿ ಸ್ಥಾಪಿಸಿದ ಮೇಲೆ, 2023ರ ಏಪ್ರಿಲ್‌ನಲ್ಲಿ, ಇಲಾಖೆ ಮುಂದಿನ ಕೆಲಸವನ್ನು ತಡೆಹಿಡಿಯಿತು. ದೋಷಗಳನ್ನು ತಿದ್ದಿಕೊಂಡು 2026ರಲ್ಲಿ ಮಿಷಿಗನ್ ರಾಜ್ಯದಿಂದ ಪುನಃ ಮುಂದುವರಿಸುವುದಾಗಿ ಅನಂತರ ಪ್ರಕಟಿಸಿತು. ವಾರ್ಡಿನೊಳಗೆ ಹುಟ್ಟಿ ಬೆಳೆದುದನ್ನು ಕೈಬಿಟ್ಟು ಅಂಗಡಿಯಿಂದ ತಂದುದಕ್ಕೆ ತೆತ್ತ ಬೆಲೆಯಿದು.

ಹಾಗಾದರೆ ತಪ್ಪು ಯಂತ್ರದ್ದೆ? ಪೂರ್ತಿಯಾಗಿ ಹಾಗೆನ್ನಲೂ ಬಾರದು. 2018ರಲ್ಲಿ ಸಂಶೋಧಕರು ಒಂದು ಹೋಲಿಕೆಯನ್ನು ಮುಂದಿಟ್ಟರು. ಒಂದೇ ಕಂಪನಿಯ ಯಂತ್ರವನ್ನು ಬಳಸುವ ಅಮೆರಿಕದ ವೈದ್ಯರ ಟಿಪ್ಪಣಿಗಳು ಬೇರೆ ದೇಶಗಳ ವೈದ್ಯರ ಟಿಪ್ಪಣಿಗಳಿಗಿಂತ ಸುಮಾರು ನಾಲ್ಕು ಪಟ್ಟು ಉದ್ದವಾಗಿದ್ದುವು! ಯಂತ್ರ ಒಂದೇ, ಆದರೆ ಅದರ ಮೂಲಕ ಬರೆಯಿಸುವವರ ಬಾಯಿ ಬೇರೆ. ರೋಗಿಗಾಗಿ ಬರೆಯುವ ಬರಹ ಚಿಕ್ಕದು, ವಿಮಾ ಕಂಪನಿಗಾಗಿ ಬರೆಯುವ ಬರಹ ದೊಡ್ಡದು. ಬ್ರಿಟನ್ನಿನ ತಪ್ಪು ಇನ್ನೊಂದು ಬಗೆಯದು. 2002ರಲ್ಲಿ ಅಲ್ಲಿಯ ಸರ್ಕಾರ ಇಡೀ ದೇಶಕ್ಕೆ ಮೇಲಿನಿಂದಲೇ ಒಂದು ವ್ಯವಸ್ಥೆಯನ್ನು ಇಳಿಸಹೊರಟಿತು. 2006ರಲ್ಲಿ ಅದರ ಖರ್ಚಿನ ಅಂದಾಜು 1,240 ಕೋಟಿ ಪೌಂಡುಗಳು. 2011ರಲ್ಲಿ ಅದನ್ನು ಮುರಿದುಹಾಕುವುದಾಗಿ ಸರ್ಕಾರವೇ ಸಾರಿತು. ಮುಂದೇನೆಂದು ಕೇಳಲು ಅವರು ಕರೆಸಿದುದು ಮೇಲೆ ಹೇಳಿದ ಡಾಕ್ಟರ್ ವಾಕ್ಟರರನ್ನೇ. ಬೇಗ ಮಾಡುವುದಕ್ಕಿಂತ ಸರಿಯಾಗಿ ಮಾಡುವುದು ಮೇಲು, ಬಳಸುವ ವೈದ್ಯರನ್ನೂ ನರ್ಸುಗಳನ್ನೂ ಮೊದಲಿನಿಂದ ಜೊತೆಗೆ ಕರೆದುಕೊಳ್ಳಿ ಎಂಬುದು 2016ರ ಅವರ ಸಲಹೆಯ ಸಾರ.

ಇನ್ನು ನಮ್ಮ ಮನೆಯ ಮಾತು. 2021ರ ಸೆಪ್ಟೆಂಬರ್ 27ರಂದು ಭಾರತದಲ್ಲಿ ಆಯುಷ್ಮಾನ್ ಭಾರತ ಡಿಜಿಟಲ್ ಆರೋಗ್ಯ ಯೋಜನೆ ದೇಶವ್ಯಾಪಿಯಾಗಿ ಆರಂಭವಾಯಿತು. ಬಯಸಿದವರಿಗೆ ಹದಿನಾಲ್ಕು ಅಂಕಿಗಳ ಆರೋಗ್ಯ ಸಂಖ್ಯೆ ದೊರೆಯುತ್ತದೆ. ದಾಖಲೆ ಹುಟ್ಟಿದ ಆಸ್ಪತ್ರೆಯಲ್ಲಿಯೇ ಇದ್ದು, ರೋಗಿಯ ಒಪ್ಪಿಗೆಯ ಮೇಲೆ ಮಾತ್ರ ಇನ್ನೊಬ್ಬ ವೈದ್ಯರಿಗೆ ಕಾಣಿಸಬೇಕೆಂಬುದು ಯೋಜನೆಯ ಸೂತ್ರ. ಉದ್ದೇಶ ಒಳ್ಳೆಯದು. ಆದರೆ ನಮ್ಮ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಬಾಗಿಲವರೆಗೆ ಸಾಲು ನಿಂತಿರುತ್ತದೆ. ಒಬ್ಬ ರೋಗಿಗೆ ಸಿಕ್ಕುವುದು ಕೆಲವೇ ನಿಮಿಷ. ಅದರಲ್ಲಿ ಅರ್ಧವನ್ನು ಪರದೆ ನುಂಗಿದರೆ ರೋಗಿಗೆ ಉಳಿಯುವುದೇನು? ಅಮೆರಿಕದ ವೈದ್ಯ ಬರೆದುಕೊಳ್ಳಲು ಸಂಬಳ ಕೊಟ್ಟು ಗುಮಾಸ್ತನನ್ನಿಟ್ಟುಕೊಳ್ಳಬಲ್ಲ. ಈಚೆಗೆ ಮಾತನ್ನು ಕೇಳಿಸಿಕೊಂಡು ತಾನೇ ಟಿಪ್ಪಣಿ ಬರೆಯುವ ಇನ್ನೊಂದು ಯಂತ್ರವನ್ನೂ ಕೊಳ್ಳುತ್ತಿದ್ದಾನೆ. ಒಂದು ಯಂತ್ರದ ಹೊರೆಯಿಳಿಸಲು ಮತ್ತೊಂದು ಯಂತ್ರ! ನಮ್ಮ ತಾಲ್ಲೂಕು ಆಸ್ಪತ್ರೆಗೆ ಈ ಐಶ್ವರ್ಯವೆಲ್ಲಿ?

ಬೇರೆ ದಾರಿ ಇದೆಯೆಂಬುದಕ್ಕೆ ನಮ್ಮಲ್ಲಿಯೇ ನಿದರ್ಶನವಿದೆ. ಛತ್ತೀಸಗಢದ ಬಿಲಾಸಪುರದ ಬಳಿ ಗನಿಯಾರಿ ಎಂಬ ಹಳ್ಳಿಯಲ್ಲಿ ಜನ ಸ್ವಾಸ್ಥ್ಯ ಸಹಯೋಗ ಎಂಬ ಸಂಸ್ಥೆಯ ಆಸ್ಪತ್ರೆಯಿದೆ. ದೆಹಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆಯಲ್ಲಿ ಕಲಿತ ಕೆಲವು ವೈದ್ಯರು ಬಡ ಆದಿವಾಸಿಗಳ ಸೇವೆಗೆಂದು ಅದನ್ನು ಕಟ್ಟಿದರು. 2010ರ ದಶಕದಲ್ಲಿ ಥಾಟ್‌ವರ್ಕ್ಸ್ ಸಂಸ್ಥೆಯ ಎಂಜಿನಿಯರುಗಳು ಆ ವೈದ್ಯರ ಅಗತ್ಯಗಳನ್ನು ಕೇಳಿ ತಿಳಿದು ‘ಬಹಮ್ನಿ’ ಎಂಬ ವ್ಯವಸ್ಥೆಯನ್ನು ರಚಿಸಿದರು. ಅದನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಪಡೆದು ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ಇಂದು ಹಲವು ದೇಶಗಳ ಆಸ್ಪತ್ರೆಗಳು ಅದನ್ನು ಬಳಸುತ್ತಿವೆ. ಸಾಫ್ಟ್‌ವೇರ್ ಬಿಟ್ಟಿಯಾದರೂ ಅದನ್ನು ಸ್ಥಾಪಿಸಲು, ಕಲಿಸಲು, ಕಾಪಾಡಲು ಖರ್ಚಿದ್ದೇ ಇದೆ. ಆನೆಯನ್ನು ಯಾರಾದರೂ ದಾನ ಕೊಟ್ಟರೂ ಮೇವು ನಮ್ಮದೇ ತಾನೆ? ಆದರೆ ಆ ಖರ್ಚು ಪರರ ಖಜಾನೆಗೆ ಹೋಗದೆ ನಮ್ಮವರ ಕಲಿಕೆಗೆ ವೆಚ್ಚವಾಗುತ್ತದೆ.

ಯಂತ್ರವೇ ಬೇಡವೆಂಬುದು ಈ ಮಾತಿನ ತಾತ್ಪರ್ಯವಲ್ಲ. ಚಂಡಮಾರುತದಲ್ಲಿ ಕೊಳೆತ ಕಡತಗಳನ್ನು ನೆನೆದರೆ ಯಾರೂ ಹಾಗೆನ್ನರು. ಆದರೆ ಕೊಳ್ಳುವ ಮುನ್ನ ಆಡಳಿತದವರು ಬೆಲೆಪಟ್ಟಿಯ ಜೊತೆಗೆ ಇನ್ನೆರಡು ಪ್ರಶ್ನೆಗಳನ್ನು ಕೇಳಲಿ. ಹೊಸ ಯಂತ್ರದ ಮುಂದೆ ಒಂದು ವಾರ ಕುಳಿತ ನರ್ಸು ಏನೆಂದರು? ಒಬ್ಬ ರೋಗಿಯನ್ನು ನೋಡಿ ಮುಗಿಸಲು ಡಾಕ್ಟರು ಎಷ್ಟು ಸಲ ಗುಂಡಿಯೊತ್ತಬೇಕು? ಗೃಹಸ್ಥರಾದ ನಾವೂ ಮಾಡಬಹುದಾದುದುಂಟು. ಆಸ್ಪತ್ರೆಯಿಂದ ಹೊರಡುವಾಗ ನಮ್ಮ ದಾಖಲೆಯ ಒಂದು ಪ್ರತಿಯನ್ನು ಕೇಳಿ ಪಡೆಯೋಣ. ನಮಗೆ ಒಗ್ಗದ ಔಷಧದ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಪ್ರತಿಸಲವೂ ಬಾಯಿಬಿಟ್ಟು ಹೇಳೋಣ. ಮಾತ್ರೆಗಳ ಸಂಖ್ಯೆ ಎಂದಿಗಿಂತ ಹೆಚ್ಚಾಗಿ ಕಂಡರೆ ಸಂಕೋಚವಿಲ್ಲದೆ ಪ್ರಶ್ನಿಸೋಣ. ಕಂಪ್ಯೂಟರ್ ಹೇಳಿತೆಂಬುದೇ ಉತ್ತರವಾದರೆ ಇನ್ನೊಮ್ಮೆ ಕೇಳೋಣ.

ಮೂಗುತಿ ಮುಖಕ್ಕೆ ಶೋಭೆ ನಿಜ. ಅದರ ಭಾರಕ್ಕೆ ಮೂಗೇ ಹರಿಯುವುದಾದರೆ ಅಕ್ಕಸಾಲಿಗನನ್ನು ಕರೆದು ಹಗುರ ಮಾಡಿಸುವುದು ಜಾಣತನ. ಆದರೆ ಅಳತೆ ಕೊಡಬೇಕಾದವರು ಅದನ್ನು ಧರಿಸುವವರೇ ಹೊರತು ಅಂಗಡಿಯಲ್ಲಿ ಹಣ ಎಣಿಸುವವರಲ್ಲ.